ಬೀಕರಿಗೆ ಹಾಕಿದ್ದು, ಬೀಕರಿನಲ್ಲಿ ಬೆಳೆದದ್ದು

ಎರಡು ಡಬ್ಬಿಗಳನ್ನು ಮುಂದಿನ ಸಾಲಿನಿಂದ ಹಿಂದಕ್ಕೆ ಕಳಿಸುತ್ತಿದ್ದೇನೆ. ಮುಚ್ಚಳ ತೆಗೆದು ನೋಡಿ, ಮುಂದಿನವರಿಗೆ ಕೊಡಿ. ಒಂದರಲ್ಲಿ ಕಲ್ಲುಪ್ಪು ಇದೆ, ಇನ್ನೊಂದರಲ್ಲಿ ಕಲ್ಲುಸಕ್ಕರೆ. ಎರಡೂ ದಿನಸಿ ಅಂಗಡಿಯಿಂದ ತಂದದ್ದು. ಎರಡೂ ಹರಳುಗಳೇ. ಎರಡೂ ನೀರಿನಲ್ಲಿ ಕರಗುತ್ತವೆ, ಎರಡಕ್ಕೂ ಸ್ವಂತ ಬಣ್ಣ ಇಲ್ಲ.

ಈಗ ಎರಡನ್ನೂ ಪುಡಿ ಮಾಡಿ, ತೆಳುವಾದ ಗಾಜಿನ ಕೊಳವೆಗಳಲ್ಲಿ ತುಂಬಿ, ಲೇಸರಿನ ಎದುರು ಇಡೋಣ. ಲೇಸರ್ ಅಂದರೆ ಎನ್‌ಡಿ ಯಾಗ್ ಲೇಸರ್. ಅದರ ಬೆಳಕಿನ ತರಂಗಾಂತರ 1064 ನ್ಯಾನೋಮೀಟರ್. ಅದು ಇನ್‌ಫ್ರಾರೆಡ್, ಕಣ್ಣಿಗೆ ಕಾಣುವುದಿಲ್ಲ. ಉಪ್ಪಿನ ಪುಡಿಯಿಂದ ಏನೂ ಬರುವುದಿಲ್ಲ. ಸಕ್ಕರೆಯ ಪುಡಿಯಿಂದ ಮಾತ್ರ ಸಣ್ಣಗೆ ಹಸಿರು ಬೆಳಕು ಬರುತ್ತದೆ. ಆ ಹಸಿರಿನ ತರಂಗಾಂತರ 532. ಸರಿಯಾಗಿ ಅರ್ಧ ಅಲ್ವಾ? ಅಂದರೆ ಕಂಪನ ಎರಡು ಪಟ್ಟು. ಸೆಕೆಂಡ್ ಹಾರ್ಮೋನಿಕ್ ಅನ್ನುವುದು ಇದನ್ನೇ. ಅಡುಗೆಮನೆಯ ಒಂದು ಹರಳಿಗೆ ಈ ಗುಣ ಇದೆ, ಪಕ್ಕದ ಡಬ್ಬಿಯ ಹರಳಿಗೆ ಇಲ್ಲ. ಯಾಕೆ ಅನ್ನುವುದೇ ಇವತ್ತಿನ ಮಾತು.

ಜಾತ್ರೆಯ ಮೈಕ್‌ಸೆಟ್ ನೆನಪಿಸಿಕೊಳ್ಳಿ. ವಾಲ್ಯೂಮ್ ಕಡಿಮೆ ಇದ್ದಾಗ ಹಾಡು ಹಾಡಿನ ಹಾಗೇ ಕೇಳುತ್ತದೆ. ಪೂರ್ತಿ ಏರಿಸಿದರೆ ದನಿ ಒಡೆಯುತ್ತದೆ. ಸ್ಪೀಕರಿನ ಪರದೆಗೆ ಕೊಟ್ಟಷ್ಟೂ ಅಲುಗಲು ಆಗುವುದಿಲ್ಲ. ಆಗ ಹಾಡಿದವರು ಹಾಡದೇ ಇದ್ದ ಸ್ವರಗಳು, ಎರಡು ಪಟ್ಟು, ಮೂರು ಪಟ್ಟು ಕಂಪನದವು, ಅದರಲ್ಲಿ ಸೇರಿಕೊಳ್ಳುತ್ತವೆ. ಹರಳಿನೊಳಗಿನ ಎಲೆಕ್ಟ್ರಾನುಗಳ ಕಥೆಯೂ ಇದೇ. ದೀಪದ ಬೆಳಕು, ಬಿಸಿಲು ಇವೆಲ್ಲ ಅವಕ್ಕೆ ಕಡಿಮೆ ವಾಲ್ಯೂಮ್. ಬಂದ ಬೆಳಕಿನ ತಾಳಕ್ಕೇ ಅವು ಅಲುಗುತ್ತವೆ. ಲೇಸರ್ ಬಂದ ಮೇಲೆಯೇ ವಾಲ್ಯೂಮ್ ಏರಿಸಲು ಸಾಧ್ಯವಾದದ್ದು. 1960ರಲ್ಲಿ ಮೇಮನ್ ಮೊದಲ ರೂಬಿ ಲೇಸರ್ ಮಾಡಿದರು. ಮರುವರ್ಷವೇ ಮಿಚಿಗನ್ ವಿಶ್ವವಿದ್ಯಾಲಯದಲ್ಲಿ ಫ್ರಾಂಕೆನ್ ಮತ್ತು ಸಂಗಡಿಗರು ಆ ಕೆಂಪು ಬೆಳಕನ್ನು ಕ್ವಾರ್ಟ್ಸ್ ಹರಳಿನೊಳಗೆ ಹಾಯಿಸಿದರು. 694 ನ್ಯಾನೋಮೀಟರಿನ ಕೆಂಪು ಒಳಗೆ ಹೋಗಿ, 347ರ ಅತಿನೇರಳೆ ತುಸು ಹೊರಗೆ ಬಂತು. ಫೋಟೋ ಪ್ಲೇಟಿನ ಮೇಲೆ ಅದು ಬರೀ ಒಂದು ಮಸುಕು ಚುಕ್ಕೆ. ಅಚ್ಚಾದ ಲೇಖನದಲ್ಲಿ ಆ ಚುಕ್ಕೆಯೇ ಇಲ್ಲ. ಅದನ್ನು ತೋರಿಸುವ ಬಾಣದ ಗುರುತು ಮಾತ್ರ ಉಳಿದಿದೆ. ಅಚ್ಚಿಗೆ ಸಿದ್ಧಮಾಡುವಾಗ ಕೊಳೆ ಅಂತ ತಿಳಿದು ಅಳಿಸಿದರು ಎಂದು ಹೇಳುತ್ತಾರೆ. ಈ ಇಡೀ ವಿಷಯ ಶುರುವಾದದ್ದು ಆ ಚುಕ್ಕೆಯಿಂದ.

ಸರಿ, ಉಪ್ಪಿಗೆ ಬರೋಣ. ಉಪ್ಪಿನ ಹರಳಿನೊಳಗೆ ಒಂದು ಸೋಡಿಯಂ ಅಯಾನಿನ ಮೇಲೆ ಕೂತಿದ್ದೀರಿ ಅಂದುಕೊಳ್ಳಿ. ಎಡಕ್ಕೆ ನೋಡಿದರೂ ಬಲಕ್ಕೆ ನೋಡಿದರೂ ಒಂದೇ ನೋಟ. ಮೇಲೆ, ಕೆಳಗೆ, ಮೂಲೆಗೆ, ಯಾವ ದಿಕ್ಕಿಗೆ ನೋಡಿದರೂ ಅದರ ಎದುರು ದಿಕ್ಕಿನಲ್ಲಿ ಅದೇ ಇದೆ. ಇದಕ್ಕೆ ಸಮಮಿತಿ ಕೇಂದ್ರ ಅನ್ನುತ್ತೇವೆ. ಇಂಥ ಹರಳಿನಲ್ಲಿ ಎಲೆಕ್ಟ್ರಾನನ್ನು ಎಡಕ್ಕೆ ಎಳೆಯುವುದೂ ಬಲಕ್ಕೆ ಎಳೆಯುವುದೂ ಒಂದೇ. ಹಾಗಿದ್ದಾಗ ಎರಡು ಪಟ್ಟಿನ ಕಂಪನ ಹುಟ್ಟುವ ದಾರಿಯೇ ಇಲ್ಲ, ಒಂದು ಕಡೆಯದನ್ನು ಇನ್ನೊಂದು ಕಡೆಯದು ಅಳಿಸಿಬಿಡುತ್ತದೆ. ಗೋಡೆಗೆ ಹತ್ತಿರ ಕಟ್ಟಿದ ಉಯ್ಯಾಲೆಯ ಹಾಗೆ ಒಂದು ಕಡೆಗೆ ಸಲೀಸು, ಇನ್ನೊಂದು ಕಡೆಗೆ ಅಡ್ಡಿ ಇರಬೇಕು. ಹರಳುಗಳಲ್ಲಿ ಒಟ್ಟು 32 ವರ್ಗ. ಸಮಮಿತಿ ಕೇಂದ್ರ ಇಲ್ಲದವು 21. ಸಕ್ಕರೆ ಅಂಥ ವರ್ಗಕ್ಕೆ ಸೇರಿದ್ದು. ಇವತ್ತು ರಾತ್ರಿ ಮನೆಯಲ್ಲಿ ದೀಪ ಆರಿಸಿ, ಹತ್ತು ನಿಮಿಷ ಕತ್ತಲೆಗೆ ಕಣ್ಣು ಹೊಂದಲಿ, ಆಮೇಲೆ ಕಲ್ಲುಸಕ್ಕರೆಯ ಒಂದು ದಪ್ಪ ತುಂಡನ್ನು ಇಕ್ಕಳದಲ್ಲಿ ಹಿಡಿದು ಒಡೆಯಿರಿ. ನೀಲಿಯಾಗಿ ಮಿಣುಕುತ್ತದೆ. ಅದು ಸೆಕೆಂಡ್ ಹಾರ್ಮೋನಿಕ್ ಅಲ್ಲ, ಬೇರೆಯೇ ಸಂಗತಿ. ಆದರೂ ನೋಡಿ, ಮಕ್ಕಳಿಗೆ ತೋರಿಸಿ.

ಸಕ್ಕರೆಯಂಥ ಸಾವಯವ ಹರಳುಗಳ, ಅಂದರೆ ಇಂಗಾಲದ ಅಣುಗಳಿಂದಾದ ಹರಳುಗಳ ಮೇಲೆ ನಮಗೆ ಇಷ್ಟು ಆಸೆ ಯಾಕೆ? ಅಣುವನ್ನು ನಾವೇ ಕಟ್ಟಬಹುದು, ಅದಕ್ಕೆ. ಪ್ಯಾರಾ ನೈಟ್ರೋಅನಿಲೀನ್ ಅನ್ನುವ ಅಣು ತೆಗೆದುಕೊಳ್ಳಿ. ನಡುವೆ ಬೆಂಜೀನ್ ಉಂಗುರ. ಒಂದು ತುದಿಯಲ್ಲಿ ಎಲೆಕ್ಟ್ರಾನ್ ಕೊಡುವ ಅಮೈನೋ ಗುಂಪು, ಎದುರು ತುದಿಯಲ್ಲಿ ಎಲೆಕ್ಟ್ರಾನ್ ಎಳೆದುಕೊಳ್ಳುವ ನೈಟ್ರೋ ಗುಂಪು. ಕೊಡುವ ಕಡೆಯಿಂದ ಬೇಡುವ ಕಡೆಗೆ ಹರಿಯುವುದು ಸುಲಭ, ವಾಪಸ್ಸು ಬರುವುದು ಕಷ್ಟ. ನಮಗೆ ಬೇಕಾದದ್ದು ಇದೇ ಅಲ್ವಾ? ಒಂಟಿ ಅಣುವಾಗಿ ನೋಡಿದರೆ ಇದರ ನಾನ್‌ಲೀನಿಯರ್ ಶಕ್ತಿ, ಅಂದರೆ ಎರಡು ಪಟ್ಟಿನ ಕಂಪನ ಹುಟ್ಟಿಸುವ ಶಕ್ತಿ, ತುಂಬಾ ಜಾಸ್ತಿ.

ಆದರೆ ಇದನ್ನು ಹರಳಾಗಿ ಬೆಳೆಸಿ ಲೇಸರಿನ ಮುಂದೆ ಇಟ್ಟರೆ ಹಸಿರು ಬರುವುದಿಲ್ಲ.

ಒಂದೇ ಚಾಪೆಯ ಮೇಲೆ ಇಬ್ಬರು ಮಲಗಬೇಕಾದಾಗ ಒಬ್ಬರ ತಲೆಯ ಕಡೆಗೆ ಇನ್ನೊಬ್ಬರ ಕಾಲು ಬರುವಂತೆ ಮಲಗುತ್ತೇವೆ. ಈ ಅಣುಗಳೂ ಹಾಗೇ. ಒಂದರ ಧನ ತುದಿಯ ಪಕ್ಕ ಇನ್ನೊಂದರ ಋಣ ತುದಿ ಬಂದರೆ ಅವಕ್ಕೆ ನೆಮ್ಮದಿ. ಹಾಗೆ ಜೋಡಿಯಾದ ಕೂಡಲೇ ನಡುವೆ ಸಮಮಿತಿ ಕೇಂದ್ರ ಬಂತು. ಒಂದರ ಒಳ್ಳೆಯ ಗುಣವನ್ನು ಇನ್ನೊಂದು ಅಳಿಸಿಬಿಟ್ಟಿತು. ಎಡಗೈ ಬಲಗೈಯ ಹಾಗೆ ಎರಡು ರೂಪ ಇಲ್ಲದ ಸಾವಯವ ಅಣುಗಳಲ್ಲಿ ಸುಮಾರು ಮುಕ್ಕಾಲು ಪಾಲು ಹೀಗೇ ಎದುರುಬದುರಾಗಿ ಕೂರುತ್ತವೆ. ಅಣು ಎಷ್ಟು ಚೆನ್ನಾಗಿದ್ದರೂ ಹರಳಿನಲ್ಲಿ ಅದು ಹೇಗೆ ಕೂತಿದೆ ಅನ್ನುವುದೇ ಮುಖ್ಯ.

ಇದಕ್ಕೆ ಉಪಾಯಗಳಿವೆ. ಒಂದು, ಪಕ್ಕದಲ್ಲಿ ಒಂದು ಮೊಳೆ ಹೊಡೆಯುವುದು. ಅದೇ ನೈಟ್ರೋಅನಿಲೀನಿನ ಉಂಗುರಕ್ಕೆ ಒಂದು ಮೀಥೈಲ್ ಗುಂಪು ಸೇರಿಸಿದರೆ ಅಣುಗಳಿಗೆ ಎದುರುಬದುರು ಮಲಗಲು ಆಗುವುದಿಲ್ಲ. ಎಂಎನ್‌ಎ ಅನ್ನುವ ಪ್ರಸಿದ್ಧ ಹರಳು ಹುಟ್ಟಿದ್ದು ಹೀಗೆ. ಇನ್ನೊಂದು, ಎಡಗೈ ಬಲಗೈ ಭೇದ ಇರುವ ಅಣುಗಳನ್ನೇ ಆರಿಸುವುದು. ಎಡಗಾಲಿನ ಚಪ್ಪಲಿಗಳಷ್ಟೇ ಇದ್ದರೆ ಜೋಡಿ ಆಗುವುದಿಲ್ಲವಲ್ಲ, ಹಾಗೆ. ಎಲ್ ರೂಪದ, ಅಂದರೆ ಎಡಗೈ ರೂಪದ, ಅಮೈನೋ ಆಮ್ಲಗಳನ್ನು ಹಿಡಿದು ನಮ್ಮ ದೇಶದಲ್ಲಿ ಇಷ್ಟು ಕೆಲಸ ನಡೆದಿರುವುದು ಇದಕ್ಕೇ. ಮೂರನೆಯದು, ಅಣುವಿಗೆ ಧನ ವಿದ್ಯುದಂಶ ಕೊಟ್ಟು, ಎದುರಿಗೆ ಬೇರೊಂದು ಋಣ ಅಯಾನು ತಂದು ಕೂರಿಸುವುದು. 1989ರಲ್ಲಿ ಅಮೆರಿಕದಲ್ಲಿ ಮಾರ್ಡರ್ ಮತ್ತು ಜೊತೆಗಾರರು ಪ್ರಕಟಿಸಿದ ಡಾಸ್ಟ್ ಹರಳು ಈ ಜಾತಿಯದು. ಇವತ್ತು ಟೆರಾಹರ್ಟ್ಸ್ ಅಲೆಗಳನ್ನು ಹುಟ್ಟಿಸಲು ಅದನ್ನು ಬಳಸುತ್ತಾರೆ. ಕಾಗದ, ಬಟ್ಟೆಗಳ ಮೂಲಕ ಹಾಯುವ, ನೀರು ಎದುರಾದರೆ ಅಲ್ಲೇ ನಿಂತುಹೋಗುವ ಅಲೆಗಳು ಅವು. ಡಾಸ್ಟ್ ಅನ್ನು ಮೆಥನಾಲಿನಿಂದ ಬೆಳೆಸುತ್ತಾರೆ, ಕಡು ಕೆಂಪು ಬಣ್ಣ. ಮೆಥನಾಲಿಗೆ ನೀರಿನ ಪಸೆ ಸೇರಿದರೆ ಕಿತ್ತಳೆ ಬಣ್ಣದ ಬೇರೆಯೇ ಹರಳು ಬರುತ್ತದೆ. ಅದರಲ್ಲಿ ನೀರಿನ ಅಣು ಸೇರಿಕೊಂಡಿರುತ್ತದೆ, ಸಮಮಿತಿ ಕೇಂದ್ರವೂ ಇರುತ್ತದೆ. ಸೆಕೆಂಡ್ ಹಾರ್ಮೋನಿಕ್ ಹೋಯಿತು. ಹಾಕಿದ ಪುಡಿ ಒಂದೇ, ಬಂದ ಹರಳು ಬೇರೆ. ಈ ಮಾತು ಸ್ವಲ್ಪ ನೆನಪಿರಲಿ, ಮತ್ತೆ ಬರುತ್ತೇನೆ.

ನಮ್ಮ ರಾಜ್ಯದಲ್ಲೂ ಈ ಕೆಲಸ ಬಹಳ ಆಗಿದೆ. ಮಂಗಳೂರು ವಿಶ್ವವಿದ್ಯಾಲಯದಲ್ಲಿ ಚಾಲ್ಕೋನ್ ಹರಳುಗಳನ್ನು ಬೆಳೆಸಿದ್ದಾರೆ. ಚಾಲ್ಕೋನ್ ಮಾಡುವುದು ಎಂಎಸ್ಸಿ ಪ್ರಯೋಗಾಲಯದಲ್ಲೂ ಆಗುವ ಕೆಲಸ. ಒಂದು ಕೀಟೋನ್, ಒಂದು ಆಲ್ಡಿಹೈಡ್, ಆಲ್ಕೋಹಾಲಿನಲ್ಲಿ ಸ್ವಲ್ಪ ಕಾಸ್ಟಿಕ್ ಸೋಡಾ. ಎರಡು ತುದಿಯ ಉಂಗುರಗಳಲ್ಲಿ ಯಾವ ಗುಂಪು ಕೂರಿಸಬೇಕು ಅನ್ನುವುದು ನಿಮ್ಮ ಕೈಯಲ್ಲಿ. ಪಕ್ಕದ ಚೆನ್ನೈ ಕಡೆಯಿಂದ 2005ರಲ್ಲಿ ಒಂದು ಹೊಸ ವಿಧಾನವೇ ಬಂತು, ಶಂಕರನಾರಾಯಣನ್ ರಾಮಸ್ವಾಮಿ ವಿಧಾನ. ಗಾಜಿನ ಕೊಳವೆಯ ತಳದಲ್ಲಿ ನಮಗೆ ಬೇಕಾದ ದಿಕ್ಕಿಗೆ ಬೀಜ ಹರಳನ್ನು ಕೂರಿಸಿ, ಮೇಲೆ ದ್ರಾವಣ ತುಂಬಿ, ಕಂಬದ ಹಾಗೆ ಹರಳನ್ನು ಮೇಲಕ್ಕೆ ಬೆಳೆಸುತ್ತಾರೆ. ಕತ್ತರಿಸಿ ವ್ಯರ್ಥ ಮಾಡುವುದು ಕಡಿಮೆಯಾಗುತ್ತದೆ.

ಆದರೆ ನಮ್ಮಂಥ ಕಾಲೇಜುಗಳಲ್ಲಿ ಹೆಚ್ಚಿನವರು ಮಾಡುವುದು ದ್ರಾವಣವನ್ನು ನಿಧಾನವಾಗಿ ಆವಿ ಮಾಡುವ ಹಳೆಯ ವಿಧಾನ. ಅದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಪುಸ್ತಕದಲ್ಲಿ ಅದಕ್ಕೆ ನಾಲ್ಕು ಸಾಲು, ಕೈಯಲ್ಲಿ ಮಾಡಲು ನಾಲ್ಕು ತಿಂಗಳು.

ಮೊದಲು ಕೊಂಡು ತಂದ ಪುಡಿಯನ್ನು ನಂಬಬೇಡಿ. ಕರಗಿಸಿ, ಸೋಸಿ, ಮತ್ತೆ ಹರಳಾಗಿಸಿ. ಎರಡು ಮೂರು ಸಲ. ಆಮೇಲೆ ಕರಗುವಿಕೆಯನ್ನು ನೀವೇ ಅಳೆಯಿರಿ. ಯಾವ ಉಷ್ಣತೆಯಲ್ಲಿ ಎಷ್ಟು ಗ್ರಾಂ ಕರಗುತ್ತದೆ ಅನ್ನುವ ಗೆರೆ ನಿಮ್ಮ ಪುಸ್ತಕದಲ್ಲಿ ಇರಬೇಕು. ಇನ್ನು ಕರಗುವುದಿಲ್ಲ ಅನ್ನುವವರೆಗೆ ಕರಗಿಸಿದರೆ ಪರ್ಯಾಪ್ತ ದ್ರಾವಣ. ಅದಕ್ಕಿಂತ ಒಂದು ಕೂದಲೆಳೆ ಜಾಸ್ತಿ ಇರುವ ಜಾಗವೊಂದಿದೆ. ಅಲ್ಲಿ ಹೊಸ ಹರಳು ತಾನಾಗಿ ಹುಟ್ಟುವುದಿಲ್ಲ, ಇರುವ ಹರಳು ಮಾತ್ರ ಬೆಳೆಯುತ್ತದೆ. ನಾವು ಇಡೀ ಹೊತ್ತು ಆ ಸಣ್ಣ ಜಾಗದಲ್ಲೇ ನಿಲ್ಲಬೇಕು. ಜಾಸ್ತಿ ದಾಟಿದರೆ ಬೀಕರಿನ ತಳದಲ್ಲೆಲ್ಲ ರವೆ ಚೆಲ್ಲಿದ ಹಾಗೆ ನೂರಾರು ಹರಳು. ಹಿಂದೆ ಬಿದ್ದರೆ ಬೀಜವೇ ಕರಗುತ್ತದೆ.

ಬೀಜ ಹರಳು ಅಂದರೆ ಹೆಚ್ಚೆಂದರೆ ಎರಡು ಮೂರು ಮಿಲಿಮೀಟರ್. ಲೆನ್ಸಿನಲ್ಲಿ ನೋಡಿ ಆರಿಸುತ್ತೇವೆ. ಬಿರುಕು, ಒಳಗೆ ಸಿಕ್ಕಿಕೊಂಡ ದ್ರಾವಣದ ಹನಿ, ಮಬ್ಬು ಮೂಲೆ, ಯಾವುದೂ ಇರಬಾರದು. ಬೀಜದಲ್ಲಿರುವ ದೋಷ ದೊಡ್ಡ ಹರಳಿಗೂ ಹೋಗುತ್ತದೆ. ಅದನ್ನು ತೆಳ್ಳಗಿನ ನೈಲಾನ್ ದಾರಕ್ಕೆ ಕಟ್ಟಬೇಕು. ಬೆರಳು ತಾಗಬಾರದು. ದಾರದ ಗಂಟಿನಲ್ಲಿ ಎಳೆ ಉಳಿದರೆ ಅಲ್ಲೇ ಇನ್ನೊಂದು ಹರಳು ಕೂರುತ್ತದೆ. ಕಲ್ಲುಸಕ್ಕರೆಯ ನಡುವೆ ದಾರ ಸಿಗುತ್ತದಲ್ಲ, ಅದನ್ನು ಮಾಡುವವರಿಗೆ ಬೇಕಾದದ್ದು ದಾರದ ತುಂಬಾ ಹರಳು. ನಮಗೆ ಬೇಕಾದದ್ದು ಒಂದೇ ಒಂದು. ಇಳಿಸುವ ಮುಂಚೆ ಬೀಜವನ್ನು ದ್ರಾವಣದ ಉಷ್ಣತೆಗೆ ತರಬೇಕು. ಬೀಕರಿನ ಬಾಯಿಗೆ ಪ್ಲಾಸ್ಟಿಕ್ ಹಾಳೆ ಕಟ್ಟಿ, ಗುಂಡುಸೂಜಿಯಿಂದ ಐದಾರು ತೂತು ಮಾಡಿ, ಉಷ್ಣತೆ ಡಿಗ್ರಿಯ ನೂರನೇ ಒಂದು ಭಾಗದಷ್ಟೂ ಏರುಪೇರಾಗದ ನೀರಿನ ತೊಟ್ಟಿಯಲ್ಲಿ ಇಡಬೇಕು. ಆಮೇಲೆ ಕಾಯುವುದು.

ನನ್ನ ಮೊದಲ ಒಳ್ಳೆಯ ಹರಳು 23 ದಿನ ಚೆನ್ನಾಗಿ ಬೆಳೆಯಿತು. ತೊಟ್ಟಿ 40 ಡಿಗ್ರಿಯಲ್ಲಿತ್ತು. 24ನೇ ರಾತ್ರಿ ಕರೆಂಟ್ ಹೋಯಿತು. ಬೆಳಗಾಗುವ ಹೊತ್ತಿಗೆ ನೀರು ತಣ್ಣಗಾಗಿ ತಳದಲ್ಲಿ ಹರಳುಗಳ ಹಾಸು, ನನ್ನ ಹರಳಿನ ಮೈಮೇಲೆಲ್ಲ ಸಣ್ಣ ಸೂಜಿಗಳು. ಅವತ್ತು ಅದನ್ನು ಎತ್ತಿ ಬಟ್ಟೆಯಲ್ಲಿ ಒರೆಸಿ ಪೆಟ್ಟಿಗೆಯಲ್ಲಿಟ್ಟೆ. ಅದನ್ನೂ ತಂದಿದ್ದೇನೆ, ಆಮೇಲೆ ಬಂದು ನೋಡಿ. 23 ದಿನದ ಭಾಗ ಗಾಜಿನ ಹಾಗೆ ತಿಳಿ. ಅದರ ಮೇಲೆ ಒಂದು ರಾತ್ರಿಯ ಮಂಜು. ಆಮೇಲೆ ತೊಟ್ಟಿಗೆ ಯುಪಿಎಸ್ ಹಾಕಿಸಿದೆವು. ನೀವು ಈ ಕೆಲಸಕ್ಕೆ ಇಳಿಯುವುದಾದರೆ ಮೊದಲ ಖರ್ಚು ಅದಕ್ಕೇ ಇರಲಿ.

ಅಮೈನೋ ಆಮ್ಲಗಳ ದ್ರಾವಣದಲ್ಲಿ ಇನ್ನೊಂದು ತೊಂದರೆ. ಅದು ಸೂಕ್ಷ್ಮಜೀವಿಗಳಿಗೆ ಒಳ್ಳೆಯ ಊಟ. 1980ರ ದಶಕದಲ್ಲಿ ಚೀನಾದಲ್ಲಿ ಕಂಡುಹಿಡಿದ ಎಲ್ ಆರ್ಜಿನೀನ್ ಫಾಸ್ಫೇಟ್ ಬಲು ಒಳ್ಳೆಯ ಹರಳು, ಬಲವಾದ ಲೇಸರಿಗೂ ಕೆಡುವುದಿಲ್ಲ. ಆದರೆ ಬೆಳೆಸುವಾಗ ವಾರಗಳ ಕಾಲ ಬೆಚ್ಚಗಿಟ್ಟರೆ ದ್ರಾವಣದಲ್ಲಿ ಬೂಷ್ಟು ಬೆಳೆಯುತ್ತದೆ. ಮೇಲೆ ತೆಳುವಾಗಿ ಹೆಕ್ಸೇನ್ ಪದರ ಹಾಕಿ ತಡೆದವರಿದ್ದಾರೆ.

ಈಗ ನಾನು ಇವತ್ತು ಮುಖ್ಯವಾಗಿ ಹೇಳಬೇಕೆಂದು ಬಂದ ಮಾತು.

ಕೆಲವು ವರ್ಷದ ಹಿಂದೆ ನಮ್ಮ ಒಬ್ಬ ಹುಡುಗ ಗ್ಲೈಸಿನ್ ಅನ್ನುವ ಅಮೈನೋ ಆಮ್ಲ ಮತ್ತು ಅಡುಗೆ ಉಪ್ಪನ್ನು ಒಟ್ಟಿಗೆ ನೀರಿನಲ್ಲಿ ಕರಗಿಸಿ ಹರಳು ಬೆಳೆಸಿದ. ಸೊಗಸಾದ ಹರಳು, ಹಸಿರೂ ಬಂತು. ಅವನು ಅದಕ್ಕೆ ಹೆಸರನ್ನೂ ಇಟ್ಟಿದ್ದ, 'ಗ್ಲೈಸಿನ್ ಸೋಡಿಯಂ ಕ್ಲೋರೈಡ್' ಅಂತ. ಪ್ರಬಂಧ ಅರ್ಧ ಬರೆದಾಗಿತ್ತು. ನಾನು ಒಂದು ಹರಳನ್ನು ತೆಗೆದುಕೊಂಡು, ಮೇಲ್ಮೈಯನ್ನು ಚೆನ್ನಾಗಿ ತೊಳೆದು, ಶುದ್ಧ ನೀರಿನಲ್ಲಿ ಕರಗಿಸಿ, ಎರಡು ಹನಿ ಸಿಲ್ವರ್ ನೈಟ್ರೇಟ್ ಹಾಕಲು ಹೇಳಿದೆ. ಪಿಯುಸಿಯಲ್ಲಿ ನೀವೆಲ್ಲ ಮಾಡಿದ ಪರೀಕ್ಷೆ. ಕ್ಲೋರೈಡ್ ಇದ್ದರೆ ಹಾಲು ಒಡೆದ ಹಾಗೆ ಬಿಳಿ ಕೂಡಲೇ ಬರಬೇಕು. ಬರಲಿಲ್ಲ. ನೀರು ತುಸು ಮಬ್ಬಾಯಿತು ಅಷ್ಟೆ. ಅವನು ಇನ್ನೊಂದು ಹರಳು ತೆಗೆದು ಮತ್ತೆ ಮಾಡಿದ. ಮತ್ತೆ ಅಷ್ಟೇ.

ಎಕ್ಸ್‌ರೇಗೆ ಕಳಿಸಿದೆವು. ಕೋಶದ, ಅಂದರೆ ಹರಳಿನಲ್ಲಿ ಮತ್ತೆ ಮತ್ತೆ ಬರುವ ಅತಿ ಸಣ್ಣ ಪೆಟ್ಟಿಗೆಯ ಅಳತೆ ಬಂತು, ಎರಡು ಬದಿ 7.04 ಆಂಗ್‌ಸ್ಟ್ರಾಂ, ಮೂರನೆಯದು 5.48. ಇದು ಗಾಮಾ ಗ್ಲೈಸಿನ್ನಿನ ಅಳತೆ. ಉಪ್ಪು ಹರಳಿನೊಳಗೆ ಹೋಗಿಯೇ ಇಲ್ಲ, ಅದು ದ್ರಾವಣದಲ್ಲೇ ಉಳಿದಿದೆ. ಗ್ಲೈಸಿನ್ ಬೇರೆ ಬೇರೆ ರೂಪದಲ್ಲಿ ಹರಳಾಗುತ್ತದೆ. ಬರೀ ನೀರಿನಿಂದ ಸಾಮಾನ್ಯವಾಗಿ ಬರುವುದು ಆಲ್ಫಾ. ಅದರಲ್ಲಿ ಸಮಮಿತಿ ಕೇಂದ್ರ ಇದೆ, ಹಸಿರು ಇಲ್ಲ. ಉಪ್ಪು ಇದ್ದಾಗ ಗಾಮಾ ಬರುತ್ತದೆ. ಅದರಲ್ಲಿ ಕೇಂದ್ರ ಇಲ್ಲ, ಅದಕ್ಕೇ ಹಸಿರು. ಉಪ್ಪು ಮಾಡಿದ್ದು ಅಣುಗಳು ಕೂರುವ ರೀತಿಯನ್ನು ಬದಲಿಸುವ ಕೆಲಸ. ಹರಳಿನೊಳಗೆ ಅದಕ್ಕೆ ಜಾಗ ಇಲ್ಲ.

ಹುಡುಗ ಎರಡು ದಿನ ಮಾತಾಡಲಿಲ್ಲ. ಆದರೆ ಅವನು ಕಂಡದ್ದು ಸಣ್ಣ ಸಂಗತಿ ಅಲ್ಲ. ಹೆಸರು ಮಾತ್ರ ತಪ್ಪು. ಈ ತಪ್ಪು ಅಚ್ಚಿನಲ್ಲೂ ಬಹಳ ಸಲ ಆಗಿದೆ. ಎರಡು ಪುಡಿ ಬೆರೆಸಿ, ಬಂದ ಹರಳಿಗೆ ಎರಡರ ಹೆಸರನ್ನೂ ಸೇರಿಸಿ ಹೊಸದು ಅಂತ ಪ್ರಕಟಿಸಿದ ಲೇಖನಗಳಿವೆ. ಅವುಗಳಲ್ಲಿ ಎಷ್ಟೋ ಹರಳುಗಳು ಮೊದಲೇ ಗೊತ್ತಿದ್ದವು ಅಂತ ಆಮೇಲೆ ಬೇರೆಯವರು ತೋರಿಸಬೇಕಾಯಿತು. ಬೀಕರಿಗೆ ಏನು ಹಾಕಿದಿರಿ ಅನ್ನುವುದು ನಿಮಗೆ ಗೊತ್ತು. ಏನು ಬೆಳೆಯಿತು ಅನ್ನುವುದನ್ನು ಹರಳನ್ನೇ ಕೇಳಬೇಕು.

ಹರಳನ್ನು ಕೇಳುವುದು ಅಂದರೆ ಹೇಗೆ? ಮೊದಲು ಒಂಟಿ ಹರಳಿನ ಎಕ್ಸ್‌ರೇ, ಅದರ ಪೂರ್ತಿ ರಚನೆ. ಬಂದ ಅಳತೆಯನ್ನು ಈಗಾಗಲೇ ಗೊತ್ತಿರುವ ಹರಳುಗಳ ಅಳತೆಯ ಜೊತೆ ಹೋಲಿಸಿ. ನೀವು ಹಾಕಿದ ಎರಡು ಪುಡಿಗಳ ಅಳತೆಯ ಜೊತೆಗಂತೂ ಹೋಲಿಸಲೇಬೇಕು. ಎಫ್‌ಟಿಐಆರ್ ಅನ್ನುವ ಇನ್‌ಫ್ರಾರೆಡ್ ಪರೀಕ್ಷೆ ಅಣುವಿನಲ್ಲಿ ಯಾವ ಗುಂಪುಗಳಿವೆ ಅಂತ ಹೇಳುತ್ತದೆ, ಅದೊಂದೇ ಹರಳಿನ ಗುರುತು ಹೇಳಲಾರದು. ಯುವಿ ವಿಸಿಬಲ್ ಗ್ರಾಫಿನಲ್ಲಿ ನೋಡಬೇಕಾದದ್ದು 532ರ ಹತ್ತಿರ ಹರಳು ತಿಳಿಯಾಗಿದೆಯಾ ಅಂತ. ತಾನು ಹುಟ್ಟಿಸಿದ ಹಸಿರನ್ನು ತಾನೇ ನುಂಗುವ ಹರಳು ಈ ಕೆಲಸಕ್ಕೆ ಬರುವುದಿಲ್ಲ. ಸಾವಯವ ಹರಳುಗಳ ದೊಡ್ಡ ಕಷ್ಟ ಇದು. ಕೊಡುವ ಬೇಡುವ ಗುಂಪುಗಳನ್ನು ಬಲಪಡಿಸಿದಷ್ಟೂ ಬಣ್ಣ ಹಳದಿಗೆ, ಕೆಂಪಿಗೆ ಜಾರುತ್ತದೆ. ಕಾಯಿಸಿದರೆ ಎಲ್ಲಿಯವರೆಗೆ ತಾಳುತ್ತದೆ ಅನ್ನುವುದನ್ನೂ ನೋಡಬೇಕು. ಬೆಂಜೋಫೀನೋನ್ ಅನ್ನುವ ಸಾವಯವ ಹರಳು 48 ಡಿಗ್ರಿಗೇ ಕರಗುತ್ತದೆ. ನಮ್ಮ ರಾಯಚೂರಿನ ಬೇಸಿಗೆಗೆ ಹತ್ತಿರದ ಲೆಕ್ಕ! ಗಾಮಾ ಗ್ಲೈಸಿನ್ ಸುಮಾರು 170 ಡಿಗ್ರಿ ದಾಟಿದರೆ ಆಲ್ಫಾ ಆಗಿಬಿಡುತ್ತದೆ.

ಆಮೇಲೆ ಹಸಿರಿನ ಅಳತೆ. 1968ರಲ್ಲಿ ಕರ್ಟ್ಸ್ ಮತ್ತು ಪೆರ್ರಿ ಪುಡಿಯಲ್ಲೇ ಅಳೆಯುವ ಸುಲಭ ವಿಧಾನ ಕೊಟ್ಟರು. ದೊಡ್ಡ ಹರಳು ಇಲ್ಲದವರಿಗೂ ಬಾಗಿಲು ತೆರೆದದ್ದು ಅದು. ನಮ್ಮಂಥ ಕಾಲೇಜುಗಳಿಂದ ಪುಡಿಯ ಪೊಟ್ಟಣಗಳು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಹೋಗುತ್ತಿದ್ದವು. ಉತ್ತರದಲ್ಲಿ ಬರುತ್ತಿದ್ದದ್ದು ಎರಡೇ ಅಂಕಿ. ನಿಮ್ಮ ಪುಡಿಗೆ ಇಷ್ಟು ಮಿಲಿವೋಲ್ಟ್, ಹೋಲಿಕೆಗೆ ಇಟ್ಟ ಕೆಡಿಪಿಗೆ, ಅಂದರೆ ಪೊಟ್ಯಾಸಿಯಂ ಡೈಹೈಡ್ರೋಜನ್ ಫಾಸ್ಫೇಟ್ ಹರಳಿನ ಪುಡಿಗೆ, ಇಷ್ಟು. ಆ ಎರಡು ಅಂಕಿಯನ್ನು ಭಾಗಿಸಿ 'ಕೆಡಿಪಿಗಿಂತ ಒಂದೂವರೆ ಪಟ್ಟು' ಅಂತ ಬರೆದು ಮುಗಿಸುವುದು ಸುಲಭ. ದಯವಿಟ್ಟು ಅಷ್ಟಕ್ಕೇ ನಿಲ್ಲಬೇಡಿ.

ಪುಡಿಯ ಕಾಳಿನ ಗಾತ್ರ ಬದಲಾದರೆ ಹಸಿರೂ ಬದಲಾಗುತ್ತದೆ. ಒಳಗೆ ಹೋಗುವ ಇನ್‌ಫ್ರಾರೆಡ್‌ಗೂ ಹುಟ್ಟುವ ಹಸಿರಿಗೂ ಹರಳಿನೊಳಗೆ ವೇಗ ಬೇರೆ. ತೇರಿನ ಹಗ್ಗ ಹಿಡಿದವರೆಲ್ಲ ಒಂದೇ ಸಲ ಎಳೆದರೆ ತೇರು ಹೋಗುತ್ತದೆ. ಒಬ್ಬೊಬ್ಬರು ಒಂದೊಂದು ಹೊತ್ತಿಗೆ ಎಳೆದರೆ ಹೋಗುವುದಿಲ್ಲ. ಹರಳಿನ ಮುಂಭಾಗದಲ್ಲಿ ಹುಟ್ಟಿದ ಹಸಿರೂ ಹಿಂಭಾಗದಲ್ಲಿ ಹುಟ್ಟಿದ ಹಸಿರೂ ಹೆಜ್ಜೆ ಸೇರಿಸಿ ನಡೆಯಬೇಕು. ಕೆಲವು ಹರಳುಗಳಲ್ಲಿ ಒಂದು ದಿಕ್ಕು ಹಿಡಿದರೆ ಎರಡು ವೇಗವೂ ಸಮ ಆಗುತ್ತವೆ. ಅಂಥವಕ್ಕೇ ಮುಂದೆ ಹೆಚ್ಚು ಉಪಯೋಗ. ಪುಡಿಯನ್ನು ಜರಡಿ ಹಿಡಿದು ಬೇರೆ ಬೇರೆ ಗಾತ್ರ ಮಾಡಿ ಅಳೆದರೆ ಇದು ಗೊತ್ತಾಗುತ್ತದೆ. ಕಾಳು ದಪ್ಪವಾದಂತೆ ಹಸಿರು ಏರಿ ಒಂದು ಮಟ್ಟದಲ್ಲಿ ನಿಂತರೆ ಹೆಜ್ಜೆ ಸೇರುತ್ತದೆ ಅಂತ. ಏರಿ ಇಳಿದರೆ ಸೇರುವುದಿಲ್ಲ. ಕೆಡಿಪಿ ಪುಡಿಯೂ ಅದೇ ಜರಡಿಯದ್ದೇ ಆಗಿರಬೇಕು. ಇದಕ್ಕೆ ಬೇಕಾದದ್ದು ನಾಲ್ಕು ಜರಡಿ, ಒಂದು ಮಧ್ಯಾಹ್ನ.

ಇನ್ನೊಂದು ಎಚ್ಚರ. ಸಾವಯವ ಹರಳುಗಳಲ್ಲಿ ಕೆಲವು ಲೇಸರ್ ಬಿದ್ದಾಗ ತಾವೇ ಹೊಳೆಯುತ್ತವೆ. ಅದು ಬೇರೆ ಕಾರಣದ ಹೊಳಪು, ಹಲವು ಬಣ್ಣ ಬೆರೆತದ್ದು. 532ನ್ನು ಮಾತ್ರ ಬಿಡುವ ಫಿಲ್ಟರ್ ಮುಂದಿಟ್ಟು ಅಳೆಯಿರಿ.

ಏನಿಂದ ಶುರು ಮಾಡಲಿ ಸರ್ ಅಂತ ಹಿಂದಿನ ಸಾಲಿನಿಂದ ಕೇಳುತ್ತಿದ್ದಾರೆ. ಗ್ಲೈಸಿನ್ನಿನಿಂದಲೇ ಮಾಡಿ. ಬೆಲೆ ಕಡಿಮೆ, ವಿಷ ಅಲ್ಲ, ಕೋಣೆಯ ಉಷ್ಣತೆಯಲ್ಲಿ 100 ಮಿಲಿಲೀಟರ್ ನೀರಿಗೆ ಸುಮಾರು 25 ಗ್ರಾಂ ಕರಗುತ್ತದೆ. ಎರಡು ಬೀಕರ್ ಇಡಿ. ಒಂದರಲ್ಲಿ ಗ್ಲೈಸಿನ್ ಮಾತ್ರ, ಇನ್ನೊಂದರಲ್ಲಿ ಗ್ಲೈಸಿನ್ ಮತ್ತು ಉಪ್ಪು. ಎರಡರ ಬಾಯಿಗೂ ಹಾಳೆ ಕಟ್ಟಿ, ಗಾಳಿ ಬೀಸದ ಕಪಾಟಿನಲ್ಲಿಟ್ಟು ಎರಡು ವಾರ ಮುಟ್ಟಬೇಡಿ. ಹರಳು ಬಂದ ಮೇಲೆ ಲೇಸರಿಗೂ ಎಕ್ಸ್‌ರೇಗೂ ಮೊದಲು ಲೆನ್ಸ್ ಹಿಡಿದು ಎರಡೂ ತುದಿ ನೋಡಿ. ಆಲ್ಫಾ ಹರಳಿನ ಎರಡು ತುದಿಗಳೂ ಒಂದೇ ಥರ ಇರುತ್ತವೆ. ಗಾಮಾ ಹರಳು ಉದ್ದುದ್ದಕ್ಕೆ ಬೆಳೆದಿರುತ್ತದೆ. ಅದರ ಒಂದು ತುದಿ ಗೋಪುರದ ಹಾಗೆ ಚೂಪು, ಇನ್ನೊಂದು ತುದಿ ಕತ್ತರಿಸಿದ ಹಾಗೆ ಚಪ್ಪಟೆ.